ರೋಮಕ ನಾಣ್ಯಗಳಲ್ಲಿ ದೇವಾಲಯದರ್ಶನ

(ಶ್ರೀಮಠದ ಸುವರ್ಣಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಿಂದ ಬಂದು ನೆರೆದಿರುವ ಶರಣಬಂಧುಗಳಿಗೂ ತಾಯಂದಿರಿಗೂ ನನಗೆ ಅಪ್ಪಣೆಯಾದ ವಿಷಯವನ್ನು ಯಥಾಮತಿ ವಿಜ್ಞಾಪಿಸುತ್ತೇನೆ.

ವಿಷಯದ ಹೆಸರನ್ನು ಕೇಳಿದೊಡನೆ ಕೆಲವರಿಗೆ ಆಶ್ಚರ್ಯವಾಗಿರಬಹುದು. ಮಠದ ಉತ್ಸವದಲ್ಲಿ ಷಟ್‌ಸ್ಥಲವನ್ನು ಕುರಿತೊ ಶರಣರ ಚರಿತ್ರೆಯನ್ನು ಕುರಿತೊ ಮಾತನಾಡಬೇಕಾದವನು ಎಲ್ಲಿಯೋ ಇರುವ ರೋಮಕ ದೇಶದ ನಾಣ್ಯಗಳನ್ನು ಹಿಡಿದುಕೊಂಡು ಬಂದನಲ್ಲಾ ಎಂದು ಅವರು ಭಾವಿಸಿದರೆ ಅದು ಸಹಜವೇ ಸರಿ. ನಾನು ಪಾಠಶಾಲೆಯಲ್ಲಿ ಶಬ್ದಮಂಜರಿ, ಅಮರಕೋಶ, ಸಿದ್ಧಾಂತಶಿಖಾಮಣಿಗಳನ್ನು ಓದಿ ಬೆಳೆದವನು. ನಾಣ್ಯಶಾಸ್ತ್ರವು ನನ್ನ ವಿದ್ಯೆಯಲ್ಲ. ಆದರೂ ಈ ಕಾರ್ಯವು ನನ್ನ ಪಾಲಿಗೆ ಬಂದ ಬಗೆಯನ್ನು ಮೊದಲು ಅರಿಕೆಮಾಡಿಕೊಳ್ಳಬೇಕು.

ಉತ್ಸವದ ಸಿದ್ಧತೆ ನಡೆಯುತ್ತಿದ್ದಾಗ ಮಠದ ಉಗ್ರಾಣದ ಹಳೆಯ ಪೆಟ್ಟಿಗೆಯೊಂದರಲ್ಲಿ ಬೆಳ್ಳಿಯ ಮತ್ತು ತಾಮ್ರದ ನಾಣ್ಯಗಳ ಎರಡು ಚೀಲಗಳು ದೊರೆತವು. ಮೂರು ನಾಲ್ಕು ತಲೆಮಾರುಗಳ ಭಕ್ತರು ಗದ್ದುಗೆಯ ಮುಂದೆ ಇರಿಸಿದ ಕಾಣಿಕೆಯಲ್ಲಿ ಚಲಾವಣೆ ತಪ್ಪಿದ ನಾಣ್ಯಗಳನ್ನು ಹಿಂದಿನವರು ಬೇರೆಮಾಡಿ ಇಟ್ಟಿದ್ದರು. ಬೆಳ್ಳಿಯನ್ನು ಕರಗಿಸಿ ಗದ್ದುಗೆಗೆ ಹೊಸ ಛತ್ರಿಯನ್ನು ಮಾಡಿಸಬೇಕೆಂದು ಉತ್ಸವಸಮಿತಿಯ ಹಿರಿಯರು ಸೂಚಿಸಿದರು. ಭಕ್ತಿಯಿಂದ ಹುಟ್ಟಿದ ಆ ಸೂಚನೆಯಲ್ಲಿ ದೋಷವೇನೂ ಇಲ್ಲ. ಸನ್ನಿಧಿಯವರು ಮಾತ್ರ, “ಕರಗಿಸುವುದಕ್ಕೆ ಮುಂಚೆ ಅದರಲ್ಲಿ ಏನಿದೆಯೆಂದು ಒಬ್ಬರು ನೋಡಲಿ” ಎಂದು ಹೇಳಿ ಚೀಲಗಳನ್ನು ನನ್ನ ಕೈಗೆ ಕೊಡಿಸಿದರು. ನೋಡಿದ್ದನ್ನು ಸಭೆಗೆ ತಿಳಿಸಬೇಕೆಂದೂ ಅಪ್ಪಣೆಯಾಯಿತು.

ಆ ಚೀಲಗಳಲ್ಲಿ ರೋಮಕ ನಾಣ್ಯ ಒಂದೂ ಇರಲಿಲ್ಲವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೈಸೂರಿನ ಅರಸರ ಕಾಸುಗಳು, ಕಂಪನಿಯ ರೂಪಾಯಿಗಳು, ವಿಕ್ಟೋರಿಯಾ ರಾಣಿಯ ರೂಪಾಯಿಗಳು, ಹೈದರಾಬಾದಿನ ಹಾಲಿ ರೂಪಾಯಿಗಳು ಇದ್ದವು. ಹಾಲಿ ರೂಪಾಯಿಯ ಮೇಲೆ ಚಾರ್‌ಮಿನಾರಿನ ಚಿತ್ರವಿದೆ. ಅದನ್ನು ನೋಡುತ್ತ ಕುಳಿತಾಗ, ಕಟ್ಟಡವನ್ನು ನಾಣ್ಯದ ಮೇಲೆ ಬಿಡಿಸುವ ಪದ್ಧತಿ ಎಲ್ಲಿಂದ ಬಂದಿತೆಂಬ ಪ್ರಶ್ನೆ ಹುಟ್ಟಿತು. ಆ ಪ್ರಶ್ನೆಯ ಬೆನ್ನು ಹತ್ತಿದವನು ರೋಮಕರ ಬಳಿಗೆ ಹೋಗದೆ ಇರುವಂತಿಲ್ಲ. ಏಕೆಂದರೆ ಪ್ರಾಚೀನ ಕಾಲದಲ್ಲಿ ಈ ಪದ್ಧತಿಯನ್ನು ಅವರಷ್ಟು ವಿಸ್ತಾರವಾಗಿ ಬೆಳೆಸಿದವರು ಮತ್ತೊಬ್ಬರಿಲ್ಲ.

ರೋಮಕರು ನಮಗೆ ಅಪರಿಚಿತರೂ ಅಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದ ಎಲ್ಲರಿಗೂ ನಿಷ್ಕಶಬ್ದದ ಅರ್ಥಗಳು ಗೊತ್ತು. ನೂರೆಂಟು ಸುವರ್ಣಗಳ ಪ್ರಮಾಣ, ಬಂಗಾರ, ಎದೆಯ ಮೇಲೆ ಧರಿಸುವ ಆಭರಣ, ಪಲವೆಂಬ ತೂಕ, ಕೊನೆಗೆ ದೀನಾರ. ಈ ದೀನಾರವೆಂಬುದು ಸಂಸ್ಕೃತದ ಧಾತುವಿನಿಂದ ಹುಟ್ಟಿದ ಶಬ್ದವಲ್ಲ. ರೋಮಕರ ಬೆಳ್ಳಿಯ ನಾಣ್ಯವಾದ ದಿನಾರಿಯಸ್ ಎಂಬುದೇ ನಮ್ಮಲ್ಲಿ ದೀನಾರವಾಯಿತು. ಗುಪ್ತರ ಕಾಲದ ಶಾಸನಗಳಲ್ಲಿ ಚಿನ್ನದ ನಾಣ್ಯಕ್ಕೆ ಈ ಹೆಸರೇ ಸಲ್ಲುತ್ತದೆ. ನಾಣ್ಯವೂ ಎದೆಯ ಆಭರಣವೂ ಒಂದೇ ಶಬ್ದದಲ್ಲಿ ಕೂಡಿರುವುದನ್ನು ಸಭಿಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಪ್ರಾರ್ಥನೆ. ಆ ಮಾತಿಗೆ ಮುಂದೆ ಮರಳಿ ಬರುತ್ತೇನೆ.

ಶಬ್ದ ಮಾತ್ರವಲ್ಲ, ನಾಣ್ಯವೇ ನಮ್ಮ ಬಾಗಿಲಿಗೆ ಬಂದಿತ್ತು. ಚಿತ್ರದುರ್ಗದ ಬೆಟ್ಟದ ಪಕ್ಕದ ಚಂದ್ರವಳ್ಳಿಯನ್ನು ನಿಮ್ಮಲ್ಲಿ ಅನೇಕರು ನೋಡಿದ್ದೀರಿ. ಅಂಕಲಿಮಠದ ದರ್ಶನಕ್ಕೆ ಹೋದವರೆಲ್ಲರೂ ಆ ಕಣಿವೆಯಲ್ಲಿ ನಡೆದವರೇ. ಜಗಳೂರು ತಾಲ್ಲೂಕು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಯಾಗುವವರೆಗೂ ಚಿತ್ರದುರ್ಗದ ಜಿಲ್ಲೆಗೇ ಸೇರಿದ್ದಿತಾದ್ದರಿಂದ ಅದು ನಮ್ಮ ಸೀಮೆಯೇ ಎನ್ನಬಹುದು. ಮೈಸೂರು ಪುರಾತತ್ತ್ವ ಇಲಾಖೆಯ ಡಾಕ್ಟರ್ ಎಂ. ಎಚ್. ಕೃಷ್ಣರವರು ೧೯೨೯ರಲ್ಲಿ ಅಲ್ಲಿ ಅಗೆಸಿದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪುರಾತತ್ತ್ವಜ್ಞರು ಮತ್ತೆ ಅಗೆಸಿದರು. ಕದಂಬ ಮಯೂರಶರ್ಮನ ಶಾಸನವೂ, ಶಾತವಾಹನರ ಕಾಲದ ಸೀಸದ ನಾಣ್ಯಗಳೂ, ಅವುಗಳ ಜೊತೆಗೆ ರೋಮಕ ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ತೈಬೀರಿಯಸ್ ಇವರ ಬೆಳ್ಳಿಯ ದೀನಾರಗಳೂ ಅಲ್ಲಿ ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ರಲ್ಲಿ ೧೬೩ ರೋಮಕ ಬೆಳ್ಳಿಯ ನಾಣ್ಯಗಳು ಒಟ್ಟಿಗೆ ಸಿಕ್ಕಿದವು. ಅದೇ ನಗರದ ವಿಮಾನನಿಲ್ದಾಣದ ಬಳಿ ೧೯೬೫ರಲ್ಲಿ ೨೫೬ ನಾಣ್ಯಗಳು ಸಿಕ್ಕಿದವು. ಹೊನ್ನಾಳಿಯಿಂದ ವಾಯವ್ಯಕ್ಕೆ ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಪೂರ್ವರೋಮಕ ಚಕ್ರವರ್ತಿಗಳ ಚಿನ್ನದ ನಾಣ್ಯಗಳ ನಿಧಿಯೇ ದೊರೆಯಿತು.

ಇಷ್ಟು ದೂರದ ದೇಶದ ಬೆಳ್ಳಿ ಇಲ್ಲಿಗೇಕೆ ಬಂದಿತು? ಮೆಣಸು, ಮುತ್ತು, ಮಣಿ, ನಯವಾದ ಬಟ್ಟೆ ಇವುಗಳಿಗಾಗಿ. ಭರತಖಂಡವೊಂದೇ ವರ್ಷಕ್ಕೆ ಐದು ಕೋಟಿ ಸೆಸ್ಟರ್ಷಿಯಸ್‌ಗಳನ್ನು ರೋಮಕರಿಂದ ಸೆಳೆದುಕೊಳ್ಳುತ್ತದೆಂದು ಪ್ಲಿನಿ ಎಂಬ ಅವರ ಗ್ರಂಥಕರ್ತನು ಕ್ರಿ. ಶ. ಒಂದನೆಯ ಶತಮಾನದಲ್ಲಿಯೇ ದೂರಿಕೊಂಡಿದ್ದಾನೆ. ನಾಲ್ಕು ಸೆಸ್ಟರ್ಷಿಯಸ್ ಎಂದರೆ ಒಂದು ದೀನಾರ. ಅವನ ಲೆಕ್ಕ ಹೆಚ್ಚೋ ಕಡಿಮೆಯೋ, ದೂರು ಮಾತ್ರ ನಿಜವಾದ ವ್ಯಾಪಾರವನ್ನು ಕುರಿತದ್ದು. ನಮ್ಮ ವರ್ತಕರು ಕಣ್ಣು ಮುಚ್ಚಿ ಬೆಳ್ಳಿಯನ್ನು ತೆಗೆದುಕೊಂಡವರೂ ಅಲ್ಲ. ಕ್ರಿ. ಶ. ೬೪ರ ಸುಮಾರಿನಲ್ಲಿ ನೀರೋ ಚಕ್ರವರ್ತಿಯು ದೀನಾರದ ತೂಕವನ್ನೂ ಚೊಕ್ಕತನವನ್ನೂ ಕಡಿಮೆಮಾಡಿದನು. ಒಂದು ರೋಮಕ ಪೌಂಡಿಗೆ ೮೪ ಇದ್ದುದನ್ನು ೯೬ ಮಾಡಿದನು. ದಕ್ಷಿಣದೇಶದಲ್ಲಿ ಸಿಕ್ಕುವ ಬೆಳ್ಳಿಯ ದೀನಾರಗಳಲ್ಲಿ ಬಹುಪಾಲು ಅದಕ್ಕೆ ಹಿಂದಿನವು. ಚೊಕ್ಕ ಬೆಳ್ಳಿಯನ್ನು ನಮ್ಮವರು ಆರಿಸಿ ಹಿಡಿದರೆಂದು ವಿದ್ವಾಂಸರು ಇದಕ್ಕೆ ಕಾರಣ ಹೇಳುವರು. ಮಲೆನಾಡಿನ ಬೆಲ್ಲವನ್ನೂ ಬಯಲುಸೀಮೆಯ ಧಾನ್ಯವನ್ನೂ ತೂಗಿ ಬಾಳಿದ ನ್ಯಾಮತಿಯ ಪೇಟೆಯವರಿಗೆ ಈ ಮಾತನ್ನು ವಿವರಿಸಿ ಹೇಳಬೇಕಾದದ್ದಿಲ್ಲ.

ಇನ್ನು ಪ್ರಕೃತಕ್ಕೆ ಬರೋಣ. ನಮ್ಮ ದೇಶದಲ್ಲಿ ಹೆಚ್ಚಾಗಿ ದೊರೆತ ರೋಮಕ ದೀನಾರಗಳು ಎರಡು ಬಗೆಯವು. ಆಗಸ್ಟಸನ ನಾಣ್ಯದ ಹಿಂಬದಿಯಲ್ಲಿ ಅವನ ಮೊಮ್ಮಕ್ಕಳಿಬ್ಬರು ಗುರಾಣಿ ಭರ್ಜಿಗಳನ್ನು ಹಿಡಿದು ನಿಂತಿರುವರು. ತೈಬೀರಿಯಸನ ನಾಣ್ಯದಲ್ಲಿ ಕೊಂಬೆಯೊಂದನ್ನು ಹಿಡಿದು ಪೀಠದ ಮೇಲೆ ಕುಳಿತ ಸ್ತ್ರೀಯ ಆಕೃತಿಯಿರುವುದು. ಇವುಗಳಲ್ಲಿ ಕಟ್ಟಡವಿಲ್ಲ. ಹಾಗಾದರೆ ಕಟ್ಟಡಗಳಿರುವ ನಾಣ್ಯಗಳು ನಮ್ಮಲ್ಲಿಗೆ ಏಕೆ ಬರಲಿಲ್ಲ? ದೇವಾಲಯ, ಬಂದರು, ರಂಗಸ್ಥಳ ಮೊದಲಾದ ವಿಸ್ತಾರವಾದ ಚಿತ್ರಗಳನ್ನು ಕೊರೆಯುವುದಕ್ಕೆ ಅಗಲವಾದ ಜಾಗ ಬೇಕು. ಆ ಅಗಲವಿದ್ದದ್ದು ಸೆಸ್ಟರ್ಷಿಯಸ್ ಎಂಬ ದೊಡ್ಡ ಹಿತ್ತಾಳೆಯ ನಾಣ್ಯಕ್ಕೆ. ಅದು ಎರಡು ತೊಲಕ್ಕೂ ಮಿಕ್ಕಿ ತೂಗುತ್ತದೆ. ಅಂಗೈಯ ಗುಳಿಯನ್ನು ತುಂಬುತ್ತದೆ. ಅದು ರೋಮಕರ ಊರಿನ ಅಂಗಡಿಬೀದಿಯ ನಾಣ್ಯ. ಸಮುದ್ರವನ್ನು ದಾಟಿ ಬಂದದ್ದು ಬೆಳ್ಳಿ ಬಂಗಾರಗಳು. ಹಿತ್ತಾಳೆಗಾಗಿ ಮೆಣಸನ್ನು ಯಾರು ಕೊಟ್ಟಾರು? ಆದುದರಿಂದ ರೋಮಕರ ದೊರೆಗಳ ಮುಖಗಳು ನಮ್ಮ ಮಣ್ಣಿನಲ್ಲಿ ಹೂತಿವೆ. ಅವರ ಮನೆಮಠಗಳ ಚಿತ್ರಗಳು ಬಹುಮಟ್ಟಿಗೆ ಅವರ ದೇಶದಲ್ಲಿಯೇ ಉಳಿದುವು.

ಆ ಚಿತ್ರಗಳಲ್ಲಿ ಕೆಲವನ್ನು ನೋಡೋಣ. ನೀರೋ ಚಕ್ರವರ್ತಿಯ ನಾಣ್ಯದ ಮೇಲೆ ಜಾನುಸ್ ದೇವರ ಗುಡಿಯಿದೆ. ಈ ದೇವರಿಗೆ ಎರಡು ಮುಖ; ಬಾಗಿಲುಗಳಿಗೂ ಆರಂಭಗಳಿಗೂ ಇವನೇ ಅಧಿದೇವತೆ. ರಾಜ್ಯದಲ್ಲಿ ಯುದ್ಧವಿರುವಾಗ ಆ ಗುಡಿಯ ಬಾಗಿಲನ್ನು ತೆರೆದಿಡುವುದೂ, ಎಲ್ಲೆಡೆಯಲ್ಲಿಯೂ ಶಾಂತಿ ನೆಲೆಸಿದಾಗ ಮುಚ್ಚುವುದೂ ಅವರ ಆಚಾರ. ನಾಣ್ಯದಲ್ಲಿ ಬಾಗಿಲು ಮುಚ್ಚಿದೆ. ನೆಲದಲ್ಲಿಯೂ ನೀರಿನಲ್ಲಿಯೂ ಶಾಂತಿಯನ್ನು ಗಳಿಸಿ ಬಾಗಿಲನ್ನು ಮುಚ್ಚಿದೆನೆಂಬ ಅರ್ಥದ ಬರಹವು ಸುತ್ತಲೂ ಇದೆ. ಗುಡಿಯ ಕಲ್ಲಿನ ಗೋಡೆ, ಸರಳು ಹಾಕಿದ ಕಿಟಕಿ, ಬಾಗಿಲ ಮೇಲೆ ತೂಗುವ ಹೂಮಾಲೆ ಇವೆಲ್ಲವೂ ಸ್ಪಷ್ಟವಾಗಿವೆ. ಆ ಗುಡಿಯ ಒಂದು ಕಲ್ಲನ್ನಾದರೂ ಇಂದು ನಿಶ್ಚಯವಾಗಿ ತೋರಿಸುವುದಕ್ಕೆ ಆಗದು. ಅದರ ರೂಪವನ್ನು ನಾವು ಕಾಣುವುದು ಈ ನಾಣ್ಯದಲ್ಲಿ ಮಾತ್ರ. ಕ್ರಿ. ಶ. ೬೮ರಲ್ಲಿ ನೀರೋ ಸತ್ತನು. ಮರುವರ್ಷವೇ ನಾಲ್ವರು ಸಿಂಹಾಸನಕ್ಕಾಗಿ ಬಡಿದಾಡಿದರು. ಶಾಂತಿಯು ಹೋಯಿತು; ಬಾಗಿಲು ಮುಚ್ಚಿದ ಗುಡಿಯು ಜನರ ಸಂಚಿಯಲ್ಲಿ ಹಾಗೆಯೇ ಉಳಿಯಿತು.

ಟೈಟಸ್ ಚಕ್ರವರ್ತಿಯು ಕ್ರಿ. ಶ. ೮೦ರಲ್ಲಿ ಕೊಲೋಸಿಯಮ್ ಎಂಬ ಮಹಾರಂಗಸ್ಥಳವನ್ನು ಪ್ರಾರಂಭೋತ್ಸವ ಮಾಡಿ ಅದನ್ನು ತನ್ನ ಸೆಸ್ಟರ್ಷಿಯಸ್‌ನ ಮೇಲೆ ಅಚ್ಚುಮಾಡಿಸಿದನು. ಕೊರೆದವನು ಹಕ್ಕಿಯಂತೆ ಮೇಲಿನಿಂದ ನೋಡಿ ಬಿಡಿಸಿದ್ದಾನೆ. ಹೊರಗಿನ ಕಮಾನುಗಳ ಸಾಲುಗಳೂ ಕಾಣುತ್ತವೆ, ಒಳಗೆ ಕುಳಿತ ಜನಸಂದಣಿಯೂ ಚುಕ್ಕಿಚುಕ್ಕಿಯಾಗಿ ಕಾಣುತ್ತದೆ. ಟ್ರೇಜನ್ ಚಕ್ರವರ್ತಿಯ ಜಯಸ್ತಂಭವು ರೋಮ್ ನಗರದಲ್ಲಿ ಇಂದಿಗೂ ನಿಂತಿದೆ. ಆದರೆ ಅದರ ತುದಿಯ ಮೇಲೆ ಈಗ ಇರುವುದು ೧೫೮೭ರಲ್ಲಿ ಇರಿಸಿದ ಕ್ರೈಸ್ತಸಂತ ಪೀಟರನ ಪ್ರತಿಮೆ. ಮೊದಲು ಅಲ್ಲಿ ಚಕ್ರವರ್ತಿಯ ಪ್ರತಿಮೆಯೇ ಇದ್ದುದಕ್ಕೆ ಅವನ ನಾಣ್ಯಗಳು ಸಾಕ್ಷಿ ಹೇಳುತ್ತವೆ. ಎಫೆಸಸ್ ಎಂಬ ಊರಿನ ಆರ್ಟೆಮಿಸ್ ದೇವಿಯ ಮಹಾದೇವಾಲಯವು ಜಗತ್ತಿನ ಏಳು ಅದ್ಭುತಗಳಲ್ಲಿ ಒಂದೆನಿಸಿದ್ದಿತು. ಇಂದು ಅಲ್ಲಿ ಬಿದ್ದ ತುಂಡುಗಳನ್ನು ಜೋಡಿಸಿ ನಿಲ್ಲಿಸಿದ ಒಂದೇ ಕಂಬವಿದೆ. ಕ್ಲಾಡಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯದಲ್ಲಿಯಾದರೋ ಕಂಬಗಳ ಸಾಲೂ, ನಡುವೆ ದೇವಿಯ ಮೂರ್ತಿಯೂ ಇವೆ.

ಹೀಗೆಂದ ಮಾತ್ರಕ್ಕೆ ನಾಣ್ಯದ ಚಿತ್ರವೆಲ್ಲ ಅಳತೆಯ ನಕ್ಷೆಯೆಂದು ನಂಬಬಾರದು. ಕ್ರಿಸ್ತಪೂರ್ವ ೭೮ರಲ್ಲಿ ವೊಲ್ಟೀಯಸ್ ಎಂಬ ಅಧಿಕಾರಿ ಹೊರಡಿಸಿದ ದೀನಾರದಲ್ಲಿ ರೋಮಿನ ಗುಡ್ಡದ ಮೇಲಿನ ಜ್ಯೂಪಿಟರ್ ದೇವಾಲಯಕ್ಕೆ ನಾಲ್ಕು ಕಂಬಗಳಿವೆ. ನಿಜವಾದ ದೇವಾಲಯದ ಮುಂಭಾಗದಲ್ಲಿ ಇದ್ದುವು ಆರು. ಉಗುರಿನಗಲದ ಬೆಳ್ಳಿಯಲ್ಲಿ ಆರು ಕಂಬಗಳನ್ನೂ ಬಾಗಿಲುಗಳನ್ನೂ ಹಿಡಿಸುವುದಕ್ಕೆ ಆಗದೆ ಕೊರೆಯುವವನು ಎರಡನ್ನು ಬಿಟ್ಟನು. ಒಳಗಿನ ಮೂರ್ತಿ ಕಾಣಲೆಂದು ನಡುವಿನ ಕಂಬಗಳನ್ನು ಅತ್ತಿತ್ತ ಸರಿಸುವುದು ಅವರಲ್ಲಿ ಸಾಮಾನ್ಯವಾದ ವಾಡಿಕೆ. ಇನ್ನೂ ಒಂದು ಬಗೆಯುಂಟು. ಜೂಲಿಯಸ್ ಸೀಸರನ ಕ್ಷಮಾಗುಣಕ್ಕೆ ಒಂದು ದೇವಾಲಯವನ್ನು ಕಟ್ಟಿಸಬೇಕೆಂದು ಅಲ್ಲಿಯ ಮಹಾಸಭೆಯು ನಿರ್ಣಯಿಸಿತು. ಕ್ರಿಸ್ತಪೂರ್ವ ೪೪ರ ನಾಣ್ಯದಲ್ಲಿ ಆ ದೇವಾಲಯದ ಚಿತ್ರವೂ ಬಂದಿತು. ಅದೇ ವರ್ಷ ಸೀಸರನ ಕೊಲೆಯಾಯಿತು. ದೇವಾಲಯವನ್ನು ಕಟ್ಟಿದ ಕುರುಹು ಎಲ್ಲಿಯೂ ಇಲ್ಲ. ಅರಸನ ಹೊಗಳಿಕೆಗಾಗಿ ಅಚ್ಚಾದದ್ದನ್ನು ಸಾಕ್ಷಿಯೆಂದು ಹಿಡಿಯುವವನು ಇತರ ಸಾಕ್ಷಿಗಳನ್ನೂ ಕೇಳಬೇಕೆಂಬುದು ಇದರಿಂದ ತಿಳಿಯುತ್ತದೆ. ಹೀಗೆ ನಾಣ್ಯವನ್ನೂ ನೆಲದಲ್ಲಿ ಉಳಿದ ತಳಪಾಯವನ್ನೂ ಗ್ರಂಥವಾಕ್ಯವನ್ನೂ ಹೋಲಿಸಿ ನೋಡುವ ಶಾಸ್ತ್ರವೇ ಬೆಳೆದಿದೆ. ಡೊನಾಲ್ಡ್‌ಸನ್ ಎಂಬ ಇಂಗ್ಲೆಂಡಿನ ವಾಸ್ತುವಿದ್ವಾಂಸರು ೧೮೫೯ರಲ್ಲಿಯೇ ಇಂಥ ನಾಣ್ಯಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಇಂಥವನ್ನು ಸಂಗ್ರಹಿಸುವವರು ಇಂದಿಗೂ ಅನೇಕ ದೇಶಗಳಲ್ಲಿರುವರು.

ಇಲ್ಲಿ ಒಂದು ಮಾತು ನನ್ನ ಮನಸ್ಸಿಗೆ ಹೊಳೆಯಿತು. ಸ್ಥಾವರ ಜಂಗಮಗಳ ವಿವೇಕವನ್ನು ನಮ್ಮ ಶರಣರು ನಮಗೆ ಹೇಳಿಕೊಟ್ಟಿರುವರು. ಅದನ್ನು ನಾನು ಈ ಸಭೆಯಲ್ಲಿ ಬಿಡಿಸಿ ಹೇಳುವುದು ಅಧಿಕಪ್ರಸಂಗವಾದೀತು. ಅವರು ಹೇಳಿದ್ದು ಆತ್ಮವಿಚಾರ, ನಾನು ಹೇಳುತ್ತಿರುವುದು ಲೋಹದ ವಿಚಾರವೆಂಬ ಭೇದವನ್ನೂ ಬಲ್ಲೆನು. ಆದರೂ, ಆಕಾಶಕ್ಕೆ ಏರಿ ನಿಂತ ಕಲ್ಲಿನ ಗುಡಿಯು ಅಳಿದುಹೋಗಿ, ಕೈಯಿಂದ ಕೈಗೆ ನಡೆದಾಡಿದ ಅಂಗೈಯಗಲದ ಬಿಲ್ಲೆಯು ಅದರ ರೂಪವನ್ನು ಎರಡು ಸಾವಿರ ವರ್ಷ ಹೊತ್ತುಕೊಂಡು ಬಂದಿರುವುದನ್ನು ಕಂಡಾಗ, ಆ ವಿವೇಕವನ್ನು ನೆನೆಯದೆ ಇರಲು ನನ್ನಿಂದ ಆಗಲಿಲ್ಲ.

ನಮ್ಮ ದೇಶದವರು ದೇವಾಲಯವನ್ನು ನಾಣ್ಯದ ಮೇಲೆ ಬಿಡಿಸಲಿಲ್ಲವೇ ಎಂದು ಕೇಳಬಹುದು. ಬಿಡಿಸಿದರು. ಪಂಜಾಬಿನ ಪಠಾಣಕೋಟೆ, ಹಿಮಾಚಲಪ್ರದೇಶದ ಕಾಂಗಡಾ ಪ್ರಾಂತಗಳಲ್ಲಿ ಆಳಿದ ಔದುಂಬರರೆಂಬವರ ತಾಮ್ರದ ನಾಣ್ಯಗಳಿವೆ. ಶಿವದಾಸ, ರುದ್ರದಾಸ, ಧರಘೋಷ ಎಂಬವು ಅವರ ಅರಸರ ಹೆಸರುಗಳು. ಕಾಲವು ಕ್ರಿಸ್ತಪೂರ್ವದ ಕೊನೆಯ ಶತಮಾನಗಳು. ಆ ನಾಣ್ಯದ ಒಂದು ಬದಿಯಲ್ಲಿ ಕಂಬಗಳ ಮೇಲೆ ಅಂತಸ್ತುಗಳಾಗಿ ಏರಿದ ಗುಡಿಯೂ, ಅದರ ಪಕ್ಕದಲ್ಲಿ ಪರಶುವನ್ನು ಕೂಡಿಸಿದ ತ್ರಿಶೂಲವೂ ಇವೆ; ಮಹಾದೇವನ ನಾಮವು ಬರಹದಲ್ಲಿದೆ. ಅಷ್ಟು ಹಿಂದಿನ ಶಿವಾಲಯ ಯಾವುದೂ ಆ ಪ್ರಾಂತದಲ್ಲಿ ನಿಂತಿಲ್ಲ, ನಾಣ್ಯದಲ್ಲಿದೆ. ಚಂದ್ರವಳ್ಳಿಯ ಸೀಮೆಯ ಸೀಸದ ನಾಣ್ಯಗಳಲ್ಲಿ ಸದಕನ ಕಳಲಾಯ ಮಹಾರಠಿಯ ಹೆಸರಿನವು ಪ್ರಸಿದ್ಧವಾದುವು. ಅವುಗಳ ಮುಂಬದಿಯಲ್ಲಿ ವೃಷಭವಿದೆ. ಹಿಂಬದಿಯಲ್ಲಿ ಕಟಾಂಜನದೊಳಗಿನ ಮರವೂ ಕಮಾನುಗಳನ್ನು ಒಂದರ ಮೇಲೊಂದು ಇರಿಸಿದಂಥ ಆಕೃತಿಯೂ ಇವೆ. ಹಿಂದಿನ ವಿದ್ವಾಂಸರು ಅದನ್ನು ಚೈತ್ಯವೆಂದರು, ಈಚಿನವರು ಬೆಟ್ಟವೆನ್ನುವರು.

ಇನ್ನು ನನ್ನ ಮನೆಯ ಸಂಗತಿಯನ್ನು ಹೇಳಬೇಕು. ಸಭೆಯಲ್ಲಿ ಮನೆಯ ಮಾತನ್ನು ಆಡುವುದು ಪದ್ಧತಿಯಲ್ಲವಾದರೂ, ಅದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳುವುದು ಅದಕ್ಕಿಂತ ತಪ್ಪಾದೀತು. ನಮ್ಮದು ಚನ್ನಗಿರಿ ಸೀಮೆಯ ಒಂದು ಹಳ್ಳಿ. ನನಗೆ ಎಂಟು ವರ್ಷವಾಗಿದ್ದಾಗ ದೀಕ್ಷೆಯಾಯಿತು. ಆಗ ಬೆಳ್ಳಿಯ ಕರಡಿಗೆಯನ್ನು ಮಾಡಿಸುವುದಕ್ಕೆ ನಮ್ಮ ತಂದೆಯವರಲ್ಲಿ ಹಣವಿರಲಿಲ್ಲ. ನಮ್ಮ ಅಜ್ಜಿಯವರು ತಮ್ಮ ಅತ್ತೆಯಿಂದ ಬಂದ ಹಳೆಯ ನಾಣ್ಯಗಳ ಒಂದು ಗಂಟನ್ನು ದೇವರಕೋಣೆಯಲ್ಲಿ ಇಟ್ಟಿದ್ದರು. “ಮೊಮ್ಮಗನ ಎದೆಯ ಮೇಲೆ ಲಿಂಗದ ಮನೆಯಾಗಲಿ” ಎಂದು ಅದನ್ನು ಬಿಚ್ಚಿಕೊಟ್ಟರು. ಪತ್ತಾರರು ನಮ್ಮ ಮನೆಯ ಜಗುಲಿಯ ಮೇಲೆಯೇ ಕುಳಿತು ಅವನ್ನು ಒಂದೊಂದಾಗಿ ಮೂಸೆಗೆ ಹಾಕಿದರು. ಹತ್ತು ನಾಣ್ಯಗಳು. ಅವು ಯಾರವು, ಅವುಗಳ ಮೇಲೆ ಏನಿತ್ತು, ಯಾರೂ ನೋಡಲಿಲ್ಲ. ಪಕ್ಕದಲ್ಲಿ ಕುಳಿತು ತಿದಿಯನ್ನು ಒತ್ತಿದವನು ನಾನೇ. ಬೆಳ್ಳಿಯು ನೀರಾಗಿ ಹೊಳೆಯುವುದನ್ನು ಕಂಡು ನಾನು ಚಪ್ಪಾಳೆ ತಟ್ಟಿದೆನಂತೆ.

ಆ ಗಂಟಿನಲ್ಲಿದ್ದ ಹನ್ನೊಂದನೆಯ ನಾಣ್ಯವು ಜಾರಿ ವಿಭೂತಿಯ ಪೆಟ್ಟಿಗೆಯ ಹಿಂದೆ ಬಿದ್ದಿದ್ದಿತು. ವರ್ಷಗಳ ಮೇಲೆ ಗೋಡೆಗೆ ಸುಣ್ಣ ಹೊಡೆಯುವಾಗ ಅದು ಸಿಕ್ಕಿತು. ಎರಡು ತೊಲಕ್ಕೆ ತುಸು ಕಡಿಮೆ ತೂಗುವ ಅಗಲವಾದ ಬೆಳ್ಳಿಯ ಬಿಲ್ಲೆ. ಅದರ ಒಂದು ಬದಿಯಲ್ಲಿ ಅಂತಸ್ತು ಅಂತಸ್ತಾಗಿ ಏರಿದ ದೇವಾಲಯದ ಗೋಪುರ, ಗೋಪುರದ ಎರಡು ಪಕ್ಕಗಳಲ್ಲಿಯೂ ನಕ್ಷತ್ರಗಳು. ಮತ್ತೊಂದು ಬದಿಯಲ್ಲಿ ದೇವತಾಮೂರ್ತಿ, ಸುತ್ತಲೂ ತಮಿಳು ಮತ್ತು ತೆಲುಗು ಬರಹ. ಅದೇನೆಂದು ನನಗೆ ಬಹುಕಾಲ ತಿಳಿಯಲಿಲ್ಲ. ೧೮೦೭ರಲ್ಲಿ ಮೊದಲಾಗಿ ಮದರಾಸಿನ ಟಂಕಸಾಲೆಯಲ್ಲಿ ಕಂಪನಿಯವರು ಅಚ್ಚುಹಾಕಿಸಿದ ಬೆಳ್ಳಿಯ ಅರ್ಧವರಹವು ಅದು. ನಮ್ಮ ವರಹಕ್ಕೆ ಆಂಗ್ಲರು ಪಗೋಡವೆನ್ನುತ್ತಿದ್ದರು. ದೇವಾಲಯಕ್ಕೂ ಅವರು ಪಗೋಡವೆಂದೇ ಹೇಳುತ್ತಿದ್ದರು. ರೋಮಕರ ನಾಣ್ಯಗಳ ದಾರಿಯಲ್ಲಿ ನಾನು ಕಾಲಿಟ್ಟದ್ದು ಈ ಗೋಪುರದ ಬಾಗಿಲಿನಿಂದಲೇ.

ನನ್ನ ಎದೆಯ ಮೇಲೆ ಈಗಲೂ ಇರುವುದು ಅದೇ ಕರಡಿಗೆ. ಅಜ್ಜಿಯವರ ಭಕ್ತಿಯನ್ನು ನಾನು ತಪ್ಪೆನ್ನಲಾರೆ. ಆ ಭಕ್ತಿಯ ಮನೆಯಲ್ಲಿಯೇ ನನ್ನ ಇಷ್ಟಲಿಂಗವು ನೆಲೆಸಿರುವುದು. ಆದರೆ ಪ್ರತಿದಿನ ಪೂಜೆಗೆ ಕರಡಿಗೆಯನ್ನು ತೆರೆಯುವಾಗ, ಆ ಹತ್ತು ನಾಣ್ಯಗಳ ಮುಖವನ್ನು ಒಮ್ಮೆ ನೋಡಿದ್ದರೆ, ಒಂದು ಕಾಗದದ ಮೇಲೆ ಉಜ್ಜಿ ಪ್ರತಿಯನ್ನು ತೆಗೆದುಕೊಂಡಿದ್ದರೆ, ಎಂಬ ಕೊರಗು ನನ್ನನ್ನು ಬಿಟ್ಟಿಲ್ಲ. ನಿಷ್ಕಶಬ್ದವು ನಾಣ್ಯವೂ ಹೌದು, ಎದೆಯ ಆಭರಣವೂ ಹೌದು ಎಂದು ಮೊದಲು ಹೇಳಿದೆನಷ್ಟೆ. ಒಂದು ಅರ್ಥವನ್ನು ಉಳಿಸುವುದಕ್ಕಾಗಿ ಮತ್ತೊಂದನ್ನು ಕಳೆದುಕೊಂಡ ಮನೆ ನಮ್ಮದು.

ಸಮಿತಿಯ ಹಿರಿಯರೊಬ್ಬರು ನನ್ನೊಡನೆ ವಾದಿಸಿದರು. “ಭಕ್ತರು ಈ ಬೆಳ್ಳಿಯನ್ನು ಶಿವನಿಗೆ ಕೊಟ್ಟರು, ಪ್ರದರ್ಶನಕ್ಕೆ ಕೊಡಲಿಲ್ಲ. ಕೊಟ್ಟವರ ಭಾವವನ್ನು ಮೀರಿ ನಾವು ಗಾಜಿನ ಪೆಟ್ಟಿಗೆಯಲ್ಲಿ ಇಡುವುದು ಸರಿಯೆ?” ಎಂದರು. ಇದು ತೂಕವುಳ್ಳ ಮಾತು. ಇದಕ್ಕೆ ನನ್ನ ಸಮಾಧಾನವಿಷ್ಟೆ: ಕೊಟ್ಟವರ ಹೆಸರು ನಮ್ಮಲ್ಲಿ ಉಳಿದಿಲ್ಲ. ಹೈದರಾಬಾದಿನ ರೂಪಾಯಿಯೊಂದು ಈ ಗದ್ದುಗೆಯ ಮುಂದೆ ಬಿದ್ದಿದೆಯೆಂದರೆ, ಕಲಬುರಗಿಯ ಕಡೆಯಿಂದಲೋ ರಾಯಚೂರಿನ ಕಡೆಯಿಂದಲೋ ಒಬ್ಬ ಭಕ್ತನ ಹಣ ಇಲ್ಲಿಗೆ ಬಂದಿತೆಂಬುದಕ್ಕೆ ಆ ಚಾರ್‌ಮಿನಾರಿನ ಚಿತ್ರವೊಂದೇ ಆಧಾರ. ಅದನ್ನು ಕರಗಿಸಿದರೆ ಬೆಳ್ಳಿ ಉಳಿಯುತ್ತದೆ, ಭಕ್ತನು ಬಂದ ದಾರಿ ಅಳಿಯುತ್ತದೆ. ಛತ್ರಿಗೆ ಬೇಕಾದ ಬೆಳ್ಳಿಯನ್ನು ಇಂದಿನ ಭಕ್ತರು ಇಂದು ಕೊಡಬಲ್ಲರು. ನೂರು ವರ್ಷದ ಹಿಂದಿನ ಕಾಣಿಕೆಯನ್ನು ಇಂದಿನವರು ಯಾರೂ ಕೊಡಲಾರರು.

ಈ ನಾಲ್ಕು ಸೀಮೆಗಳ ಭಕ್ತರಲ್ಲಿ ನನ್ನ ಬಿನ್ನಹಗಳು ಕೆಲವುಂಟು. ಹೊಲವನ್ನು ಉಳುವಾಗ, ಕೆರೆಯ ಹೂಳನ್ನು ತೆಗೆಯುವಾಗ, ಹಳೆಯ ಮನೆಯ ಬುನಾದಿಯನ್ನು ಕೀಳುವಾಗ ನಾಣ್ಯಗಳು ಸಿಕ್ಕಿದರೆ ಗುಟ್ಟಾಗಿ ಹಂಚಿಕೊಳ್ಳಬೇಡಿರಿ. ಭೂಮಿಯಲ್ಲಿ ಸಿಕ್ಕಿದ ನಿಧಿಯನ್ನು ಅಧಿಕಾರಿಗಳಿಗೆ ತಿಳಿಸಬೇಕೆಂಬ ಕಾಯಿದೆಯು ೧೮೭೮ರಿಂದಲೂ ಈ ದೇಶದಲ್ಲಿದೆ. ನಮ್ಮ ರಾಜ್ಯವು ೧೯೬೨ರಲ್ಲಿ ತನ್ನದೇ ಕಾಯಿದೆಯನ್ನು ಮಾಡಿತು. ನೂರು ವರ್ಷ ಕಳೆದ ನಾಣ್ಯವನ್ನು ಪರದೇಶಕ್ಕೆ ಸಾಗಿಸುವುದು ೧೯೭೨ರ ಕಾಯಿದೆಯಿಂದ ನಿಷಿದ್ಧವಾಗಿದೆ. ತಹಶೀಲ್ದಾರರ ಕಚೇರಿಗೆ ತಿಳಿಸುವುದರಲ್ಲಿ ಭಯಪಡತಕ್ಕದ್ದೇನೂ ಇಲ್ಲ, ಮುಚ್ಚಿಡುವುದರಲ್ಲಿಯೇ ಭಯವಿರುವುದು. ಎಲ್ಲಿ, ಎಷ್ಟು ಆಳದಲ್ಲಿ, ಯಾವ ಮಡಕೆಯಲ್ಲಿ, ಯಾವುದರ ಜೊತೆಗೆ ಸಿಕ್ಕಿತೆಂಬುದನ್ನು ಬರೆದಿಡಿರಿ. ಚಂದ್ರವಳ್ಳಿಯ ದೀನಾರವು ವಿದ್ವಾಂಸರಿಗೆ ಅಷ್ಟು ಬೆಲೆಯುಳ್ಳದ್ದಾದುದು ಅದರ ಬೆಳ್ಳಿಯಿಂದಲ್ಲ. ಅದು ಯಾವ ಮಣ್ಣಿನ ಪದರದ ಆಸುಪಾಸಿನಲ್ಲಿ ಸಿಕ್ಕಿತೋ, ಆ ಪದರದ ಮಡಕೆಗಳ ಕಾಲವನ್ನೂ ಹೇಳಬಲ್ಲುದಾದ್ದರಿಂದ.

ಮನೆಯಲ್ಲಿರುವ ಹಳೆಯ ನಾಣ್ಯವನ್ನು ಹುಣಸೆಹಣ್ಣಿನಿಂದಲೂ ಬೂದಿಯಿಂದಲೂ ತಿಕ್ಕಿ ತೊಳೆಯಬೇಡಿರಿ. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ಜಾತ್ರೆಯಲ್ಲಿ ರೋಮಕ ನಾಣ್ಯವೆಂದು ಹೇಳಿ ಮಾರುವವನು ಸಿಕ್ಕಿದರೆ ಅದರ ಅಂಚನ್ನು ನೋಡಿರಿ. ಅಚ್ಚಿನ ಮೇಲೆ ಸುತ್ತಿಗೆಯಿಂದ ಹೊಡೆದು ಮಾಡಿದ ನಾಣ್ಯಕ್ಕೆ ಅಂಚಿನಲ್ಲಿ ಬೆಸುಗೆಯ ಗೆರೆಯಿರುವುದಿಲ್ಲ. ಎರಕ ಹೊಯ್ದ ನಕಲಿಗೆ ಆ ಗೆರೆಯೂ, ಮೈಮೇಲೆ ಸೂಜಿಮೊನೆಯಂಥ ಗುಳಿಗಳೂ ಅನೇಕ ವೇಳೆ ಇರುತ್ತವೆ. ತೂಕವೂ ಸರಿಹೊಂದುವುದಿಲ್ಲ. ಸಂಗ್ರಹವೆಂಬುದು ಒಳ್ಳೆಯ ವ್ಯಸನ. ಆದರೆ ಕೊಳ್ಳುವವನ ಆಸೆಯೇ ಹೊಲಗಳನ್ನು ರಾತ್ರಿಯಲ್ಲಿ ಅಗೆಯಿಸುವುದೂ, ನಿಧಿಯಾಸೆಗೆ ಹಳೆಯ ಗುಡಿಗಳ ಪೀಠಗಳನ್ನು ಕೀಳಿಸುವುದೂ ಆಗಬಾರದು. ಕಟ್ಟಡದ ಚಿತ್ರವುಳ್ಳ ನಾಣ್ಯಕ್ಕಾಗಿ ನಿಜವಾದ ಕಟ್ಟಡವನ್ನು ಕೆಡಿಸುವವನನ್ನು ಏನೆಂದು ಕರೆಯೋಣ?

ಕಟ್ಟಡದ ಚಿತ್ರವನ್ನು ಹಣದ ಮೇಲೆ ಹೊತ್ತು ತಿರುಗುವ ಪದ್ಧತಿ ನಿಂತುಹೋಗಿಲ್ಲ. ಈ ಸಭೆಯಲ್ಲಿ ಕುಳಿತವರ ಜೇಬಿನಲ್ಲಿಯೂ ಎಲೆಅಡಿಕೆಯ ಚೀಲದಲ್ಲಿಯೂ ಈಗಲೇ ಅದು ಇದೆ. ೨೦೧೭ರಲ್ಲಿ ಹೊರಟ ಐವತ್ತು ರೂಪಾಯಿಯ ನೋಟನ್ನು ತಿರುಗಿಸಿ ನೋಡಿರಿ. ಹಂಪೆಯ ಕಲ್ಲಿನ ರಥವಿದೆ. ಇಪ್ಪತ್ತರ ಹೊಸ ನೋಟಿನಲ್ಲಿ ಎಲ್ಲೋರದ ಗುಹೆಯಿದೆ. ನಮ್ಮ ಸಂತೆಬೆನ್ನೂರಿನ ಪುಷ್ಕರಣಿ, ತೀರ್ಥರಾಮೇಶ್ವರನ ಗುಡಿ, ಕಲ್ಲೇದೇವರಪುರದ ಕಲ್ಲೇಶ್ವರನ ಗುಡಿ ಇವುಗಳನ್ನು ಯಾವ ನಾಣ್ಯವೂ ಹೊತ್ತಿಲ್ಲ. ಅವು ಬಿದ್ದುಹೋದರೆ ಜಾನುಸ್‌ನ ಗುಡಿಗೆ ದೊರೆತ ಭಾಗ್ಯವೂ ಅವುಗಳಿಗೆ ದೊರೆಯದು. ಆದುದರಿಂದ ಅವುಗಳನ್ನು ನಿಂತಿರುವಾಗಲೇ ಕಾಪಾಡಿಕೊಳ್ಳಬೇಕು.

ಸನ್ನಿಧಿಯವರ ಅಪ್ಪಣೆಯಂತೆ ಚೀಲಗಳಲ್ಲಿದ್ದ ನಾಣ್ಯಗಳನ್ನೆಲ್ಲ ತೂಗಿ, ಎರಡು ಬದಿಗಳ ಪ್ರತಿಯನ್ನೂ ತೆಗೆದು ಪಟ್ಟಿಯನ್ನು ಸಿದ್ಧಪಡಿಸಿದ್ದೇನೆ. ಕರಗಿಸುವುದೋ ಉಳಿಸುವುದೋ ಎಂಬ ತೀರ್ಮಾನವು ಸನ್ನಿಧಿಯವರದೂ ಸಮಿತಿಯದೂ ಆಗಿದೆ. ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಿದ್ದೇನೆ. ಉಳಿಸುವುದೆಂದಾದರೆ, ಅಜ್ಜಿಯವರ ಗಂಟಿನಲ್ಲಿ ಉಳಿದ ಆ ಒಂದು ಅರ್ಧವರಹವನ್ನು ಇಂದೇ ಈ ಚೀಲಕ್ಕೆ ಸೇರಿಸಬೇಕೆಂದು ತಂದಿದ್ದೇನೆ. ಪಟ್ಟಿಯ ಕೊನೆಯ ಸಾಲನ್ನು ಅದಕ್ಕಾಗಿ ಖಾಲಿ ಬಿಟ್ಟಿದೆ. ಕರಗಿಸುವುದೆಂದಾದರೂ ಮೂಸೆಯ ಬಳಿ ಕುಳಿತು ತಿದಿಯನ್ನು ಒತ್ತುವ ಹುಡುಗನೊಬ್ಬನಿಗೆ, ಒಂದೊಂದನ್ನೂ ಹಾಕುವುದಕ್ಕೆ ಮುಂಚೆ ಕೈಯಲ್ಲಿ ಹಿಡಿದು ತೋರಿಸಬೇಕೆಂದು ಪ್ರಾರ್ಥಿಸುತ್ತೇನೆ.

 

ಶಿವಾರ್ಪಣಮಸ್ತು.